ಮದೀನಾಬಿ ಮಾಫ್ ಮಾಡದ ಹಾಲು

ತಿಕೋಟಾದಲ್ಲಿ ನನ್ನ ಮನೆಗೂ ಮದೀನಾಬಿಯ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಗೋಡೆ. ಅವರದು ಗಾದಿ ಹೊಲಿಯುವ ಮನೆತನ. ಮಗ ಮುರ್ತುಜಾಸಾಬ ಹಿತ್ತಲಲ್ಲಿ ಕೂತು ಬಿಲ್ಲಿನಿಂದ ಹತ್ತಿ ಪಿಂಜತೊಡಗಿದರೆ ಅದರ ಎಳೆಗಳು ಗೋಡೆ ಹಾರಿ ಬಂದು ನಾನು ಒಣಹಾಕಿದ ಶಾವಿಗೆಯ ಮೇಲೆ, ನನ್ನ ತಲೆಯ ಮೇಲೆ, ಕುದಿಯುವ ಸಾರಿನಲ್ಲಿ ಕೂಡ ಬೀಳುತ್ತಿದ್ದವು. ನಾನು ಅಕ್ಕನಾಗಮ್ಮ, ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದವಳು. ಊರೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಗೋಡೆಯ ಮೇಲೆ ಕತ್ತು ಹಾಕಿ ಕೂಗುತ್ತಿದ್ದೆ.

“ಚಾಚಿ, ನಿನ್ನ ಹತ್ತಿ ನನ್ನ ಸಾರಿನಾಗ ಬಿತ್ತ ನೋಡ!”

“ಬಿದ್ದಿದ್ರ ಹಿಂಡಿ ಕೊಡ್ರಿ ಅಕ್ಕೋರ, ತೂಕಕ್ಕ ಕಡಿಮಿ ಬೀಳತೈತಿ,” ಎನ್ನುತ್ತಿದ್ದಳು ಮದೀನಾಬಿ, ತಲೆ ಕೂಡ ಎತ್ತದೆ.

ಮಗ ಪಿಂಜುವುದು, ತಾಯಿ ಹೊಲಿಯುವುದು. ಅಂಗೈಯಷ್ಟು ಉದ್ದದ ದಬ್ಬಣ ಹಿಡಿದು ಗಾದಿಯ ಅಂಚಿಗೆ ಅವಳು ಹಾಕುತ್ತಿದ್ದ ಹೊಲಿಗೆ ಎಷ್ಟು ಬಿಗಿಯೆಂದರೆ, ಬಟ್ಟೆ ಹರಿದುಹೋದ ಮೇಲೂ ಹೊಲಿಗೆ ಮಾತ್ರ ಹಾಗೇ ಉಳಿದಿರುತ್ತಿತ್ತು. ಸುತ್ತಿನ ಹಳ್ಳಿಗಳಲ್ಲಿ ಮದುವೆ ಗೊತ್ತಾದರೆ ಮೊದಲು ಇವರ ಅಂಗಳಕ್ಕೆ ಹತ್ತಿಯ ಚೀಲ ಬರುತ್ತಿತ್ತು. ಗಂಡ ಸತ್ತಾಗ ಮುರ್ತುಜಾ ಇನ್ನೂ ಮೀಸೆ ಬಾರದ ಹುಡುಗ. ಅಂದಿನಿಂದ ಆ ದಬ್ಬಣದ ಮೇಲೇ ಮನೆ ನಿಂತಿತ್ತು.

ಇನ್ನು ಜುಲೇಖಾಳ ಸಂಗತಿ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮುರ್ತುಜಾ ಎಂಟು ವರ್ಷದವನಿದ್ದಾಗ ಮದೀನಾಬಿಗೆ ಒಂದು ಹೆಣ್ಣುಕೂಸು ಹುಟ್ಟಿ ವಾರದೊಳಗೆ ಹೋಯಿತು. ಅದೇ ಹೊತ್ತಿಗೆ ಜೈನಾಪುರದಲ್ಲಿ ಅವಳ ಗೆಳತಿಯೊಬ್ಬಳು ಹೆತ್ತು ಕಣ್ಣು ಮುಚ್ಚಿದಳು. ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿ ಚಕ್ಕಡಿಯಲ್ಲಿ ತಂದು ಇವಳ ಮಡಿಲಿಗೆ ಹಾಕಿದರು. ಎದೆಯಲ್ಲಿ ಹಾಲು ಕಟ್ಟಿ ಜ್ವರದಿಂದ ನರಳುತ್ತಿದ್ದ ಮದೀನಾಬಿ ಯಾರನ್ನೂ ಏನೂ ಕೇಳಲಿಲ್ಲ, ಸೆರಗು ಸರಿಸಿದಳು. ಆ ಕೂಸೇ ಜುಲೇಖಾ.

ಅವರ ಮನೆಗಳಲ್ಲಿ ಒಂದೇ ಎದೆಯ ಹಾಲು ಕುಡಿದವರು ಒಡಹುಟ್ಟಿದವರೇ. ಇದು ಬಾಯಿಮಾತಿನ ಅಣ್ಣ ತಂಗಿ ಅಲ್ಲ, ಧರ್ಮದ ಕಟ್ಟು. ಜುಲೇಖಾ ದೊಡ್ಡವಳಾದಾಗ ಹೊರಗಿನಿಂದ ಬಂದ ನೆಂಟನೊಬ್ಬ ತಿಳಿಯದೆ, “ಮನ್ಯಾಗ ಹುಡುಗ ಅದಾನ, ಹುಡುಗಿ ಅದಾಳ, ಹೊರಗ ಯಾಕ ಹುಡುಕತೀರಿ?” ಎಂದುಬಿಟ್ಟ. ಮದೀನಾಬಿ ಕೈಯಲ್ಲಿದ್ದ ದಬ್ಬಣ ಎತ್ತಿ ಅವನ ಮೂಗಿನ ಮುಂದೆ ಹಿಡಿದು, “ಅಣ್ಣಗ ತಂಗೀನ ಗಂಟ ಹಾಕತೀಯೇನ? ಮೊದಲ ಎದ್ದ ಹೊರಗ ನಡಿ,” ಎಂದಳು. ಅವನು ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಓಡಿದ್ದನ್ನು ನಾನು ಗೋಡೆಯ ಮೇಲಿಂದ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಜುಲೇಖಾಳನ್ನು ಬಬಲೇಶ್ವರದ ಇಸಾಕ ಎಂಬ ದರ್ಜಿಗೆ ಕೊಟ್ಟರು. ಅವರಲ್ಲಿ ಇನ್ನೊಂದು ರೂಢಿ ಇದೆ. ಮಕ್ಕಳ ಮದುವೆಯ ಹೊತ್ತಿಗೋ ಸಾವಿನ ಹೊತ್ತಿಗೋ ತಾಯಿಯಾದವಳು, ‘ನನ್ನ ಹಾಲಿನ ಋಣ ಮಾಫ್ ಮಾಡಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಮಗ ಆಗಲಿ ಮಗಳಾಗಲಿ ಆ ಭಾರ ಹೊತ್ತುಕೊಂಡೇ ಇರಬೇಕು. ಮುರ್ತುಜಾನ ಮದುವೆಯಲ್ಲಿ ಹಿರಿಯರು ಕೇಳಿದರು, ಮದೀನಾಬಿ ಹೇಳಲಿಲ್ಲ. ಜುಲೇಖಾಳ ಮದುವೆಯಲ್ಲಿಯೂ ಕೇಳಿದರು, ಆಗಲೂ ಹೇಳಲಿಲ್ಲ. “ಈಗ ಮಾಫ್ ಮಾಡಿದ್ರ ನಾಳಿ ನನ್ನ ಕಡಿ ಹೊಳ್ಳಿ ಸುದ್ದಾ ನೋಡಂಗಿಲ್ಲ ಇವರು. ಸ್ವಲ್ಪ ಬಾಕಿ ಇರ್ಲಿ,” ಎಂದು ನಕ್ಕಳು. ಎಲ್ಲರೂ ನಕ್ಕರು, ಊಟಕ್ಕೆ ಕೂತರು. ಆ ಮಾತನ್ನು ಆಗ ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಬಿಲ್ಲಿನ ಸದ್ದು ನಿಂತಿತು. ಮೊದಲೆರಡು ದಿನ ನನಗೆ ಹಾಯೆನಿಸಿತು, ಮೂರನೆಯ ದಿನ ಹೋಗಿ ನೋಡಿದೆ. ಮುರ್ತುಜಾನ ಕಾಲು ಬಾತು ಕಂಬದಂತಾಗಿದ್ದವು, ಕಣ್ಣಿನ ಕೆಳಗೆ ಊದಿಕೊಂಡಿತ್ತು. ಉಂಡದ್ದೆಲ್ಲ ವಾಂತಿ. ಹೆಂಡತಿ ನಜಮಾ ಬಾಗಿಲಲ್ಲಿ ನಿಂತು ಸೆರಗಿನ ತುದಿ ಕಚ್ಚುತ್ತಿದ್ದಳು. ಬಸ್ಸಿನಲ್ಲಿ ವಿಜಾಪುರಕ್ಕೆ ಕರೆದೊಯ್ದೆವು. ಅಲ್ಲಿಯ ಡಾಕ್ಟರು ಸುತ್ತುಬಳಸಿ ಮಾತಾಡುವವರಲ್ಲ. ಚಿಕ್ಕಂದಿನಲ್ಲಿ ಯಾವಾಗಲೋ ಬಂದ ಬಾವು ಎರಡೂ ಮೂತ್ರಪಿಂಡಗಳನ್ನು ಒಳಗೊಳಗೇ ತಿಂದಿದೆ, ರಕ್ತದೊತ್ತಡ ಏರಿ ಹೃದಯವೂ ಹಿಗ್ಗಿದೆ ಎಂದರು. “ಬೊಂಬಾಯಿಗೆ ಒಯ್ಯಿರಿ. ಅಲ್ಲಿ ರಕ್ತ ತೊಳೆಯುವ ಮಷಿನ್ ಇದೆ. ಒಡಹುಟ್ಟಿದವರು ಯಾರಾದರೂ ತಮ್ಮದೊಂದು ಕೊಟ್ಟರೆ ಅದನ್ನು ಇವರಿಗೆ ಜೋಡಿಸುತ್ತಾರೆ.”

ತಿರುಗಿ ಬರುವಾಗ ಬಸ್ಸಿನಲ್ಲಿ ಮದೀನಾಬಿ ಕೇಳಿದಳು, “ಯಾವುದರಿ ಅದು ಅಕ್ಕೋರ, ಗುರ್ದಾನ?”

“ಹೂಂ, ಅದ. ಸಾಲ್ಯಾಗ ನಾ ಬೋರ್ಡಿನ ಮ್ಯಾಲ ಅದರ ಚಿತ್ರ ತಗೀತೀನಿ.”

“ಚಿತ್ರ ಏನ ನೋಡತೀರಿ, ನಾ ಕೈಯಾಗ ಹಿಡದೀನಿ. ಆಡಿನ ಹೊಟ್ಯಾಗ ಅವರಿಕಾಳಿನಂಗ ಜ್ವಾಡಿ ಇರತಾವು. ಸ್ವಲ್ಪ ಮೆಣಸು ಹಾಕಿ ಹುರದ್ರ...”

“ಸಾಕು ಬಿಡ ಚಾಚಿ!” ಎಂದು ನಾನು ಮೂಗು ಮುಚ್ಚಿಕೊಂಡೆ. ಹಿಂದಿನ ಸೀಟಿನಲ್ಲಿ ಮಲಗಿದ್ದ ಮುರ್ತುಜಾ ಬಹಳ ದಿನಗಳ ಮೇಲೆ ನಕ್ಕ.

ಸುದ್ದಿ ತಲುಪಿದ ಮರುದಿನ ಜುಲೇಖಾ ಬಬಲೇಶ್ವರದಿಂದ ಬಂದಿಳಿದಳು. ಬುರ್ಖಾ ತೆಗೆಯುವುದಕ್ಕೂ ಮೊದಲೇ, “ನಾ ಕೊಡತೀನಿ. ನಮ್ಮನ್ಯಾಗ ಕೇಳಿ ಬಂದೀನಿ. ಹೂಂ ಅಂದಾರ,” ಎಂದಳು. ನಜಮಾ ಮೊದಲೇ ಮುಂದೆ ಬಂದಿದ್ದಳು, ಆದರೆ ಅವಳ ರಕ್ತದ ಗುಂಪು ಬೇರೆಯಾಗಿತ್ತು. ವಿಜಾಪುರದಲ್ಲಿ ಜುಲೇಖಾಳ ರಕ್ತ ನೋಡಿದರು, ಅಣ್ಣನ ಗುಂಪೇ ಬಂತು! ಮನೆಯವರಿಗೆ ಹಬ್ಬದಂತಾಯಿತು. “ಬರದ ಎಲ್ಲಿ ಹೋದೀತು? ಒಂದ ಹಾಲ ಕುಡದಾರ,” ಎಂದಳು ಮದೀನಾಬಿ. ನಾನೂ ತಲೆಯಾಡಿಸಿದೆ. ವಿಜ್ಞಾನ ಕಲಿಸುವವಳು ನಾನು, ನನಗೂ ಹೊಳೆಯಲಿಲ್ಲ ನೋಡಿ! ಮೂವತ್ತು ವರ್ಷ ಅಣ್ಣ ತಂಗಿ ಎಂದು ಕಂಡವರನ್ನು ಮನಸ್ಸು ಬೇರೆ ಯಾವ ರೀತಿಯಲ್ಲೂ ಕಾಣುವುದಿಲ್ಲ.

ನನ್ನ ತಮ್ಮ ಬೊಂಬಾಯಿಯ ಪರೇಲಿನಲ್ಲಿ ಗಿರಣಿಯೊಂದರಲ್ಲಿ ಕೆಲಸಕ್ಕಿದ್ದ. ನನಗೆ ಮರಾಠಿ ಬರುತ್ತಿತ್ತು, ಸಾಲೆಗೆ ಸೂಟಿ. ಊರವರು, ಹೊಸದಾಗಿ ದ್ರಾಕ್ಷಿ ತೋಟ ಹಾಕಿದವರು, ಗಾದಿ ಹೊಲಿಸಿಕೊಂಡ ಮನೆಗಳವರು ಕೈಲಾದಷ್ಟು ಕೂಡಿಸಿ ಕೊಟ್ಟರು. ಮಕ್ಕಳು ಚಿಕ್ಕವೆಂದು ನಜಮಾ ಊರಲ್ಲೇ ಉಳಿದಳು. ರೋಗಿ, ತಾಯಿ, ಜುಲೇಖಾ, ನಾನು ವಿಜಾಪುರದಲ್ಲಿ ರೈಲು ಹತ್ತಿ, ಸೊಲ್ಲಾಪುರದಲ್ಲಿ ಬದಲಿಸಿ, ಬೊಂಬಾಯಿ ಮುಟ್ಟಿದೆವು.

ದೊಡ್ಡ ದವಾಖಾನೆ. ಮುರ್ತುಜಾನ ಕೈಗೆ ನಳಿಗೆ ಕೂಡಿಸಿ ಮಷಿನ್ನಿಗೆ ಹಚ್ಚಿದರು. ಬಟ್ಟೆ ಒಗೆಯುವ ಹೌದಿನಂತಹ ಒಂದು ತೊಟ್ಟಿ, ಅದರೊಳಗೆ ಸುರುಳಿ ಸುತ್ತಿದ ಕೊಳವೆ. ರಕ್ತ ಒಂದು ಕಡೆಯಿಂದ ಹೊರಗೆ ಬರುವುದು, ತೊಳೆದುಕೊಂಡು ಇನ್ನೊಂದು ಕಡೆಯಿಂದ ಒಳಗೆ ಹೋಗುವುದು. ಅದನ್ನು ನೋಡಿ ನನಗೆ ತಲೆ ತಿರುಗಿತು, ಗೋಡೆ ಹಿಡಿದು ನಿಂತೆ. ಮಲಗಿದ್ದವನೇ ನನಗೆ ಧೈರ್ಯ ಹೇಳಿದ, “ಏನಿಲ್ಲರಿ ಅಕ್ಕೋರ. ಹಳೇ ಗಾದಿ ಬಿಚ್ಚಿ, ಹತ್ತಿ ಪಿಂಜಿ, ಮತ್ತ ತುಂಬಾಕತ್ತಾರ.”

ಪಿಂಜಿದ ಹತ್ತಿ ಎರಡು ದಿನ ಚೆನ್ನಾಗಿರುತ್ತಿತ್ತು. ಬಾವು ಇಳಿಯುವುದು, ಮುಖಕ್ಕೆ ಕಳೆ ಬರುವುದು, ಎರಡು ತುತ್ತು ಒಳಗೆ ಹೋಗುವುದು. ಮತ್ತೆ ನೀರು ತುಂಬಿಕೊಳ್ಳುವುದು, ಮತ್ತೆ ಮಷಿನ್ನಿಗೆ. ಕುಡಿಯುವ ನೀರು ದಿನಕ್ಕೆ ಒಂದು ಸಣ್ಣ ಲೋಟದಷ್ಟು, ಅಷ್ಟೇ. ಹಣ್ಣು ಕೂಡದು, ಉಪ್ಪು ಕೂಡದು. ಬೊಂಬಾಯಿಯ ಆ ಸೆಕೆಯಲ್ಲಿ ಅವನು ತುಟಿಯ ಮೇಲೆ ಒದ್ದೆ ಬಟ್ಟೆ ಒತ್ತಿಕೊಂಡು ಮಲಗುತ್ತಿದ್ದ. ಪಕ್ಕದ ವಾರ್ಡಿನಲ್ಲಿ ನಳ ಬಿಟ್ಟ ಸದ್ದಾದರೆ ಕಣ್ಣು ಅತ್ತ ಹೋಗುತ್ತಿದ್ದವು. ಮದೀನಾಬಿ ಆಗೆಲ್ಲ ಎದ್ದು ಹೊರಗೆ ಹೋಗುತ್ತಿದ್ದಳು. ವರಾಂಡದಲ್ಲಿ ಕೂತು ದವಾಖಾನೆಯ ಹರಿದ ತಲೆದಿಂಬುಗಳನ್ನು ತಾನಾಗಿಯೇ ಹೊಲಿಯತೊಡಗಿದಳು. ದಬ್ಬಣ ಊರಿನಿಂದಲೇ ತಂದಿದ್ದಳು. ನರ್ಸಮ್ಮಂದಿರು ಮೊದಲು ಗದರಿದರು, ಆಮೇಲೆ ತಾವೇ ದಿಂಬು ತಂದು ಕೊಡತೊಡಗಿದರು.

ಒಂದು ದಿನ ದೊಡ್ಡ ಡಾಕ್ಟರು ಜುಲೇಖಾಳನ್ನೂ ನನ್ನನ್ನೂ ಕೋಣೆಗೆ ಕರೆದರು. ರಕ್ತದ ಇನ್ನೊಂದು ಪರೀಕ್ಷೆ ಬಂದಿತ್ತು. “ಗುಂಪು ಒಂದೇ ಇದೆ, ಆದರೆ ಒಳಗಿನ ಗುರುತುಗಳು ಒಂದೂ ಕೂಡುತ್ತಿಲ್ಲ. ಒಡಹುಟ್ಟಿದವರಲ್ಲೂ ಒಮ್ಮೊಮ್ಮೆ ಹೀಗಾಗುತ್ತದೆ. ಆದರೂ ಕೇಳುತ್ತೇನೆ, ಇವರಿಬ್ಬರೂ ಒಂದೇ ತಾಯಿಯ ಮಕ್ಕಳೇ?”

“ಹೌದು,” ಎಂದೆ ನಾನು, ಮರಾಠಿಯಲ್ಲಿ, ಗಟ್ಟಿಯಾಗಿ.

“ಒಂದೇ ಹೊಟ್ಟೆಯಲ್ಲಿ ಹುಟ್ಟಿದವರೇ?”

ಆಗ ನನಗೆ ಹೊಳೆಯಿತು. ಜುಲೇಖಾಳಿಗೆ ಕೇಳಿದ್ದು ತಿಳಿದಿರಲಿಲ್ಲ, ಕನ್ನಡದಲ್ಲಿ ಹೇಳಿದೆ. ಅವಳು ಮುಗ್ಧವಾಗಿ, “ಹೊಟ್ಟಿ ಬ್ಯಾರೆರಿ, ಹಾಲ ಒಂದ,” ಎಂದಳು. ಅದನ್ನು ಮರಾಠಿಗೆ ತಿರುಗಿಸುವಾಗ ನಾನು ನೆಲ ನೋಡುತ್ತಿದ್ದೆ.

ಡಾಕ್ಟರರಿಗೆ ಸಿಟ್ಟು ನೆತ್ತಿಗೇರಿತು. ಯಾರನ್ನೋ ದುಡ್ಡು ಕೊಟ್ಟು ಕರೆತಂದಿದ್ದೀರಾ ಎಂದು ಕೂಗಾಡಿದರು. ನನಗೆ ಮೈಯೆಲ್ಲ ಉರಿಯಿತು. ತಪ್ಪು ನಮ್ಮದೇ, ಆದರೆ ಆ ಮಾತು ನುಂಗುವಂಥದ್ದಾಗಿರಲಿಲ್ಲ. ಮೇಜು ಬಡಿದು, ಜೈನಾಪುರದ ಚಕ್ಕಡಿಯಿಂದ ಹಿಡಿದು ನೆಂಟನ ಮೂಗಿನ ಮುಂದಿನ ದಬ್ಬಣದವರೆಗೆ ಎಲ್ಲವನ್ನೂ ಹೇಳಿದೆ. ಅವರು ಪೂರಾ ಕೇಳಿದರು. ಕೊನೆಗೆ, “ಕ್ಷಮಿಸಿ ಅಮ್ಮ. ಆದರೆ ಮೈಗೆ ಹಾಲಿನ ಗುರುತು ಇರುವುದಿಲ್ಲ. ಆ ಮಟ್ಟಿಗೆ ಈಕೆ ಅವನಿಗೆ ಯಾರೋ ಹೊರಗಿನವಳು,” ಎಂದರು.

ಈ ಮಾತನ್ನು ನಾನು ಜುಲೇಖಾಳಿಗೆ ಹೇಳಬಾರದಿತ್ತು. ಆದರೆ ಅವಳು ನನ್ನ ತೋಳು ಹಿಡಿದು ಅಲುಗಿಸಿದಳು, ಹೇಳಿಬಿಟ್ಟೆ. “ಹೊರಗಿನಾಕಿನ? ನಾನ?” ಎಂದವಳೇ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಡಾಕ್ಟರು ಕೇಳಿದರು, “ಹೆತ್ತ ತಾಯಿ ಇದ್ದಾರೆಯೇ?”

“ಹೊರಗೆ ನಿಮ್ಮ ದಿಂಬು ಹೊಲಿಯುತ್ತಿದ್ದಾಳಲ್ಲ, ಆಕೆಯೇ,” ಎಂದೆ.

ಮದೀನಾಬಿಗೆ ಆಗ ಐವತ್ತು ದಾಟಿತ್ತು. ತಾಯಿಯ ಗುರುತುಗಳು ಅರ್ಧದಷ್ಟಂತೂ ಮಕ್ಕಳಿಗೆ ಕೂಡಿಯೇ ಕೂಡುತ್ತವಂತೆ. ರಕ್ತ ನೋಡಿದರು, ಗುಂಪು ಕೂಡಿತು. ಎದೆ ನೋಡಿದರು, ಆಕೆ ಗಟ್ಟಿಯಾಗಿದ್ದಳು. ಆಮೇಲೆ ಡಾಕ್ಟರು ನಮ್ಮೆಲ್ಲರನ್ನೂ ಮುರ್ತುಜಾನ ಹಾಸಿಗೆಯ ಸುತ್ತ ಕೂಡಿಸಿ ಇದ್ದದ್ದನ್ನು ಇದ್ದಂತೆ ಹೇಳಿದರು. ಅದಕ್ಕೆ ಅವರ ಮೇಲಿನ ನನ್ನ ಸಿಟ್ಟು ಇಳಿಯಿತು.

ಗಟ್ಟಿ ಮೈಯವನಿಗೆ ಮಷಿನ್ನಿಗಿಂತ ಆಪರೇಶನ್ನೇ ಮೇಲು, ಅದರಲ್ಲಿ ಎರಡು ಮಾತಿಲ್ಲ ಎಂದರು. ಆದರೆ ಇವನ ಹೃದಯ ಸೋತಿದೆ. ಇಂಥವರಿಗೆ ಮೊದಲ ಕೆಲವು ತಿಂಗಳು ಮಷಿನ್ನಿಗಿಂತ ಆಪರೇಶನ್ನಿನಲ್ಲೇ ಜೀವದ ಭಯ ಹೆಚ್ಚು. ಮೇಜಿನ ಮೇಲೆಯೇ ಹೋಗಬಹುದು. ಹೊಸದನ್ನು ಮೈ ಹೊರದೂಡದಂತೆ ಕೊಡುವ ಔಷಧಿ ಮೈಯ ಕಾವಲನ್ನೇ ಇಳಿಸುತ್ತದೆ, ಒಂದು ನೆಗಡಿಯೂ ಕೊಂದೀತು. ಅಷ್ಟನ್ನು ದಾಟಿದರೆ ಮಾತ್ರ, ಮಷಿನ್ ಕೊಡುವುದಕ್ಕಿಂತ ಹೆಚ್ಚು ದಿನ ಬದುಕಬಹುದು, ಅದೂ ತನ್ನ ಊರಲ್ಲಿ. ಮಷಿನ್ನೇ ಬೇಕೆಂದರೆ ಈ ಭಯ ಇಲ್ಲ. ಆದರೆ ಬದುಕಿರುವವರೆಗೂ ಬೊಂಬಾಯಿ ಬಿಡುವಂತಿಲ್ಲ, ಮಷಿನ್ನುಗಳು ಕೆಲವೇ, ಕಾಯುವವರು ಬಹಳ, ಹೃದಯ ದಿನದಿಂದ ದಿನಕ್ಕೆ ಇನ್ನೂ ಸೋಲುತ್ತ ಹೋಗುತ್ತದೆ. “ಇದು ಒಳ್ಳೆಯದು, ಅದು ಕೆಟ್ಟದ್ದು ಎಂದು ನಾನು ಹೇಳಲಾರೆ. ಯಾವ ಭಯ ಹೊರುತ್ತೀರಿ, ನೀವೇ ಹೇಳಿ.”

ಮುರ್ತುಜಾ ಬಹಳ ಹೊತ್ತು ಯೋಚಿಸಲಿಲ್ಲ. “ಬ್ಯಾಡರಿ,” ಎಂದ. “ಅಮ್ಮಾ, ನೀನ ಹೇಳ. ಗಾದಿ ಖೋಳದ ಬಟ್ಟಿ ಜೀರ್ಣ ಆಗಿದ್ರ ಹೊಸಾ ಹತ್ತಿ ತುಂಬತೀಯೇನ? ಗಿರಾಕಿಗೆ ಏನ ಹೇಳತೀ? ಬ್ಯಾಡ, ಹತ್ತಿ ದಂಡ ಅಂತೀ. ನಾ ಮೇಜಿನ ಮ್ಯಾಲ ಹೋದೆ ಅಂದ್ರ ನಿನಗ ಮಗನೂ ಇಲ್ಲ, ಗುರ್ದಾನೂ ಇಲ್ಲ. ನಿನ್ನ ಮೈ ಕೊಯ್ಸಿ ನಾ ನೀರ ಕುಡೀಬೇಕೇನ?”

ಅವನ ಮಾತು ಸರಿಯಾಗಿತ್ತು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ನನ್ನನ್ನು ಕೇಳಿದ್ದರೆ ನಾನೂ ಮಷಿನ್ನೇ ಇರಲಿ ಎನ್ನುತ್ತಿದ್ದೆ. ಒಂದು ಗಟ್ಟಿ ಜೀವವನ್ನು ಒಂದು ಸೋತ ಜೀವಕ್ಕಾಗಿ ಅಪಾಯಕ್ಕೆ ಒಡ್ಡುವುದು ನನಗೂ ಒಪ್ಪಿಗೆಯಾಗಿರಲಿಲ್ಲ.

ಮದೀನಾಬಿ ಹಾಸಿಗೆಯ ಅಂಚಿಗೆ ಕೂತು ಮಗನ ಬಾತ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಖೋಳ ಜೀರ್ಣ ಆದ್ರ ತ್ಯಾಪಿ ಹಾಕತೀನಿ. ನಾ ಹೊಲದಿದ್ದು ಯಾವಾಗರ ಬಿಚ್ಚೇತೇನ?”

“ಅಮ್ಮಾ, ಇದು ಗಾದಿ ಅಲ್ಲ.”

“ಮತ್ತ ನೀನ ಗಾದಿ ಮಾತ ತಗದಿ!” ಎಂದಳು. ಆಮೇಲೆ ದನಿ ಏರಿಸದೆ ಹೇಳಿದಳು, “ಕೇಳ ಮುರ್ತುಜಾ. ನಿನ್ನ ಮದುವ್ಯಾಗ ಹಾಲು ಮಾಫ್ ಮಾಡ ಅಂತ ಎಲ್ಲಾರೂ ಕೇಳಿದ್ರು. ನಾ ನಕ್ಕ ಬಿಟ್ಟೆ. ಇವತ್ತ ನಗಂಗಿಲ್ಲ. ನಾ ಕೊಟ್ಟಿದ್ದು ತಗೊಂಡಿ ಅಂದ್ರ ಮಾಫ್ ಮಾಡತೀನಿ. ತಗೊಳ್ಳಲಿಲ್ಲಂದ್ರ, ನೀ ಇಲ್ಲೇ ಸಾಯಿ, ಊರಾಗರ ಸಾಯಿ, ನನ್ನ ಹಾಲು ನಾ ಮಾಫ್ ಮಾಡಂಗಿಲ್ಲ. ಅಷ್ಟ.”

ಹಾಸಿಗೆಯ ಮೇಲಿದ್ದವನ ಮುಖ ಬಿಳಚಿಕೊಂಡಿತು. ಜುಲೇಖಾ ಬಾಯಿಗೆ ಕೈ ಹಿಡಿದಳು. ಡಾಕ್ಟರು ನನ್ನತ್ತ ನೋಡಿ, ಏನಂದರು ಎಂದು ಕೇಳಿದರು. ಅದನ್ನೆಲ್ಲ ಮರಾಠಿಗೆ ತಿರುಗಿಸಲು ನಾನು ಹೋಗಲಿಲ್ಲ. “ತಾಯಿ ಒಪ್ಪಿದ್ದಾಳೆ,” ಎಂದಷ್ಟೇ ಹೇಳಿದೆ.

ಮುರ್ತುಜಾ ಗೋಡೆಯ ಕಡೆಗೆ ಹೊರಳಿದ. ಬೆನ್ನು ಅಲುಗುತ್ತಿತ್ತು. ಆ ಕಡೆ ಮುಖ ಮಾಡಿಯೇ, “ಆತು. ನಿನ್ನ ಹಟಾನ ಆಗ್ಲಿ,” ಎಂದ.

ಆಪರೇಶನ್ನಿನ ಬೆಳಿಗ್ಗೆ ಇಬ್ಬರನ್ನೂ ಗಾಲಿ ಮಂಚದ ಮೇಲೆ ಮಲಗಿಸಿ ತಂದರು. ಬಾಗಿಲ ಹತ್ತಿರ ಎರಡೂ ಮಂಚ ಒಂದು ಕ್ಷಣ ಅಕ್ಕಪಕ್ಕ ನಿಂತವು. ಮದೀನಾಬಿ ಕೈ ಚಾಚಿ ಮಗನ ತಲೆ ಮುಟ್ಟಿ, ಎಲ್ಲರಿಗೂ ಕೇಳಿಸುವಂತೆ ಹೇಳಿದಳು, “ನನ್ನ ಹಾಲು ನಿನಗ ಮಾಫ್ ಮಾಡೀನಿ ಮಗನ. ಆರಾಮ ಹೋಗು.”

ಜುಲೇಖಾ ಓಡಿಬಂದು ಮಂಚದ ಕಬ್ಬಿಣ ಹಿಡಿದಳು. “ಅಮ್ಮಾ, ನಂದು? ನಾ ಏನೂ ಕೊಡ್ಲಿಕ್ಕೆ ಆಗಲಿಲ್ಲ. ಡಾಕ್ಟರು ನಾ ಹೊರಗಿನಾಕಿ ಅಂದ್ರು. ನಂದೂ ಮಾಫ್ ಮಾಡಿ ಹೋಗ.”

“ನಿಂದು ಮಾಡಂಗಿಲ್ಲ,” ಎಂದಳು ಮದೀನಾಬಿ. “ಹೊರಗಿನಾಕಿ ಜೋಡಿ ಯಾರರ ಬಾಕಿ ಇಟ್ಕೋತಾರೇನ? ನಿನ್ನ ಬಾಕಿ ನನ್ನ ಹತ್ರ ಇರ್ಲಿ. ನಾ ಹೊರಗ ಬಂದಾಗ ಚಾ ಬೇಕ ನನಗ, ಸಕ್ರಿ ಜಾಸ್ತಿ.” ಮಂಚ ಒಳಗೆ ಹೋಯಿತು.

ಜುಲೇಖಾ ಅಳುತ್ತಲೇ ಚಹಾ ಎಲ್ಲಿ ಸಿಗುತ್ತದೆ ಎಂದು ಹುಡುಕಲು ಹೋದಳು. ಆ ಕೆಲಸ ಅವಳನ್ನು ಹಿಡಿದು ನಿಲ್ಲಿಸಿತು.

ಇಬ್ಬರೂ ಜೀವಂತ ಹೊರಗೆ ಬಂದರು. ಎಚ್ಚರವಾದ ಮದೀನಾಬಿ ಕೇಳಿದ ಮೊದಲ ಮಾತು ಚಹಾ ಅಲ್ಲ. ಹೆಂಗಸರ ವಾರ್ಡಿಗೆ ವಾರ್ಡೇ ಕೇಳುವಂತೆ, “ಅಂವಾ ಉಚ್ಚಿ ಹೊಯ್ದನೇನ?” ಎಂದಳು. ನನಗೆ ನಾಚಿಕೆಯಿಂದ ಮುಖ ಎಲ್ಲಿಡಲೆಂದು ತಿಳಿಯಲಿಲ್ಲ. ಜುಲೇಖಾ ಮೆಟ್ಟಿಲು ಹತ್ತಿ ಓಡಿದಳು, ಇಳಿದು ಓಡಿಬಂದಳು. “ಹೊಯ್ದಾನ ಅಮ್ಮಾ! ಬಾಟ್ಲಿ ತುಂಬೈತಿ!” ಎಂದು ಬಾಗಿಲಿನಿಂದಲೇ ಕೂಗಿದಳು. ಕನ್ನಡ ಬಾರದ ಹೆಂಗಸರೆಲ್ಲ ಅದೇನು ಸಂತೋಷದ ಸುದ್ದಿಯೆಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಡಾಕ್ಟರು ಹೇಳಿದ್ದೂ ಸುಳ್ಳಾಗಲಿಲ್ಲ. ಎರಡನೆಯ ವಾರ ಹೊಸದು ಮುನಿಸಿಕೊಂಡಿತು, ಜ್ವರ ಏರಿತು, ಔಷಧಿಯ ಪ್ರಮಾಣ ಹೆಚ್ಚಿಸಿದರು. ಮುರ್ತುಜಾನ ಮುಖ ಗುಂಡಗೆ ಊದಿಕೊಂಡು ಗುರುತು ಸಿಗದಂತಾಯಿತು. ನೆಗಡಿ ಎದೆಗಿಳಿದು ಉಸಿರು ಸಿಗದೆ, ಇನ್ನಾಗದು ಎಂದು ಡಾಕ್ಟರೇ ಕೈಚೆಲ್ಲಿದ ದಿನವೂ ಒಂದಿತ್ತು. ಅಂದು ಮುರ್ತುಜಾ, ಮಷಿನ್ನಿನ ಮೇಲೇ ಇದ್ದಿದ್ದರೆ ಇಷ್ಟು ಕಷ್ಟ ಇರುತ್ತಿರಲಿಲ್ಲ ಎಂದ. ಆ ದಿನವನ್ನೂ ಹೇಗೋ ದಾಟಿದ. ನನ್ನ ಸೂಟಿ ಮುಗಿದು ಊರಿಗೆ ಬಂದೆ. ಮದೀನಾಬಿ, ಜುಲೇಖಾ ಅಲ್ಲೇ ಉಳಿದರು.

ದೀಪಾವಳಿಯ ಹೊತ್ತಿಗೆ ಮೂವರೂ ತಿಕೋಟಾದಲ್ಲಿ ಬಸ್ಸಿಳಿದರು. ಮುರ್ತುಜಾ ನಡೆದುಕೊಂಡೇ ಮನೆಗೆ ಬಂದ. ಮೂಗಿಗೆ ಬಟ್ಟೆ ಕಟ್ಟಿದ್ದ. ನಜಮಾ ಮಣ್ಣಿನ ಕೊಡದಿಂದ ಒಂದು ತಂಬಿಗೆ ನೀರು ಕೊಟ್ಟಳು. ಅವನು ಅಂಗಳದಲ್ಲಿ ಕೂತು, ನಡುವೆ ಉಸಿರು ತೆಗೆದುಕೊಳ್ಳುತ್ತ, ಪೂರಾ ತಂಬಿಗೆ ಕುಡಿದ. ಮತ್ತೊಂದು ಕೇಳಿದ. ನಾನು ಗೋಡೆಯ ಮೇಲೆ ಕತ್ತು ಹಾಕಿ, “ಊರಾಗ ನೀರಿಲ್ಲ, ನೀ ಒಬ್ಬನ ಬಾವಿ ಖಾಲಿ ಮಾಡಬ್ಯಾಡ,” ಎಂದೆ. “ಮತ್ತ ತುಂಬಸ್ತೀನಿ ಬಿಡ್ರಿ ಅಕ್ಕೋರ!” ಎಂದ ಆ ಪೋಕರಿ. ನಾನು ತಟ್ಟನೆ ಗೋಡೆಯ ಮರೆಗೆ ತಲೆ ತಗ್ಗಿಸಿದೆ.

ಹತ್ತಿಯ ಧೂಳು ಆಗದೆಂದು ಬಿಲ್ಲು ಮತ್ತೆ ಹಿಡಿಯಲಿಲ್ಲ. ಖೋಳದ ಬಟ್ಟೆ ಅಳೆಯುವುದು, ಕತ್ತರಿಸುವುದು, ಗಿರಾಕಿಗಳ ಕೂಡ ಮಾತಾಡುವುದು ಅವನ ಪಾಲಿಗೆ ಬಂತು. ಪಿಂಜಲು ಒಬ್ಬನನ್ನು ಇಟ್ಟರು. ಮದೀನಾಬಿ ಮೊದಲಿನಂತೆಯೇ ಹೊಲಿದಳು, ಬಗ್ಗುವಾಗ ಮಾತ್ರ ಒಂ‌ದು ಪಕ್ಕೆಗೆ ಕೈ ಕೊಡುತ್ತಿದ್ದಳು. ದ್ರಾಕ್ಷಿಯ ಕಾಲದಲ್ಲಿ ತೋಟದವರೊಬ್ಬರು ಗೊನೆಯೊಂದನ್ನು ತಂದುಕೊಟ್ಟಾಗ ಮುರ್ತುಜಾ ಒಂದೊಂದೇ ಹಣ್ಣು ತಿಂದು, ಬೀಜವನ್ನು ನಮ್ಮ ಹಿತ್ತಲಿಗೆ ಉಗುಳಿದ. ನಾನು ಬೈದೆ. ಮಗನ ಖತನಾ, ಅಂದರೆ ಸುನ್ನತಿ, ಮಾಡಿಸಿದ, ಮಗಳನ್ನು ನನ್ನ ಸಾಲೆಗೆ ತಂದು ಹಚ್ಚಿದ.

ಯಾವುದು ಲಾಭ, ಯಾವುದು ಹಾನಿ ಎಂದು ನನ್ನನ್ನು ಈಗಲೂ ಕೇಳುವವರಿದ್ದಾರೆ. ಮುರ್ತುಜಾನ ಪಕ್ಕದ ಹಾಸಿಗೆಯಲ್ಲಿ ಪುಣೆಯ ಮುದುಕರೊಬ್ಬರಿದ್ದರು. ಅವರದೂ ಸೋತ ಹೃದಯ. ಅವರು ಆಪರೇಶನ್ ಬೇಡವೆಂದು ಮಷಿನ್ನಿನ ಮೇಲೇ ಉಳಿದರು. ಮಗಳ ಮನೆ ಬೊಂಬಾಯಿಯಲ್ಲೇ ಇತ್ತು, ಮೊಮ್ಮಕ್ಕಳ ನಡುವೆ ಎರಡು ವರ್ಷ ನೆಮ್ಮದಿಯಿಂದ ಕಳೆದು ತೀರಿಕೊಂಡರೆಂದು ಬೊಂಬಾಯಿಯ ನನ್ನ ತಮ್ಮ ಹೇಳಿದ. ಅವರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ಮುರ್ತುಜಾನ ಮನೆ ಇದ್ದದ್ದು ತಿಕೋಟಾದಲ್ಲಿ. ಅವನಿಗೆ ನಾಲ್ಕು ವರ್ಷ ತನ್ನ ಅಂಗಳ ಸಿಕ್ಕಿತು, ತಂಬಿಗೆ ತುಂಬ ನೀರು ಸಿಕ್ಕಿತು. ಮೊದಲ ಆರು ತಿಂಗಳ ನರಕಕ್ಕೆ ಇದು ಸಾಟಿಯೋ ಅಲ್ಲವೋ ಎಂದು ಹೇಳಬೇಕಾದವನು ಅವನೇ. ಒಮ್ಮೆ ಕೇಳಿದ್ದೆ. “ಅದನ್ನ ಅಮ್ಮನ್ನ ಕೇಳ್ರಿ, ಬಂಡವಾಳ ಆಕೀದು,” ಎಂದು ನಕ್ಕ.

ಎಪ್ಪತ್ತೆಂಟರ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಬಟ್ಟೆ ಅಳೆಯುತ್ತಿದ್ದವನು ಹಾಗೇ ಮುಂದಕ್ಕೆ ಬಾಗಿದ. ಹೃದಯ ನಿಂತಿತ್ತು. ವಿಜಾಪುರದಿಂದ ಬಂದ ಡಾಕ್ಟರು ಹೋಗುವಾಗ ಅಂಗಳದಲ್ಲಿ ನಿಂತು ನನಗೆ ಹೇಳಿದರು, “ವಿಚಿತ್ರ ನೋಡ್ರಿ. ಹೋದ ವಾರವಷ್ಟೇ ತಪಾಸಣೆ ಮಾಡಿದ್ದೆ. ತಾಯಿ ಕೊಟ್ಟದ್ದು ಕೊನೆಯವರೆಗೂ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು.” ನಾನು ಒಳಗೆ ಹೋಗಿ ಮದೀನಾಬಿಗೆ ಹೇಳಿದೆ. ಅವಳು ತಲೆಯಾಡಿಸಿದಳು. ಕಣ್ಣಲ್ಲಿ ನೀರಿರಲಿಲ್ಲ.

ಮಧ್ಯಾಹ್ನದೊಳಗೆ ಬಬಲೇಶ್ವರದಿಂದ ಜುಲೇಖಾ, ಇಸಾಕ ಬಂದರು. ಸ್ನಾನ ಮಾಡಿಸಿ, ಬಿಳಿ ಬಟ್ಟೆ ಹೊದಿಸಿ ಅಂಗಳದಲ್ಲಿ ಮಲಗಿಸಿದ್ದರು. ಹಿರಿಯ ಲಾಡಲೇಸಾಬ ಬಾಗಿಲಿಗೆ ಬಂದು ಕೆಮ್ಮಿ, ರೂಢಿಯಂತೆ ಹೇಳಿದ, “ಮದೀನಾಬಿ, ಮಗಗ ಹಾಲು ಮಾಫ್ ಮಾಡವಾ. ಹೊತ್ತಾತು.”

“ಅದು ಬೊಂಬಾಯಿದಾಗ ಆಗೇತಿ,” ಎಂದಳು. “ಹೊತ್ತಾಗಿದ್ರ ಎತ್ತರಿ.”

ಎತ್ತಿದರು. ನಜಮಾ ಕುಸಿದಳು, ಹೆಂಗಸರು ಹಿಡಿದುಕೊಂಡರು. ಅವರಲ್ಲಿ ಹೆಂಗಸರು ಮಣ್ಣಿಗೆ ಹೋಗುವುದಿಲ್ಲ, ಹೊಸ್ತಿಲಿನವರೆಗೆ ಮಾತ್ರ. ಎಲ್ಲರೂ ಹೊಸ್ತಿಲಲ್ಲಿ ನಿಂತರು. ಮದೀನಾಬಿ ಮಾತ್ರ ದಾಟಿ ಬೀದಿಗಿಳಿದಳು. ಲಾಡಲೇಸಾಬ ತಿರುಗಿ ನೋಡಿ ಮೆಲ್ಲಗೆ, “ಹೆಂಗಸರು ಮುಂದ ಬರೂದಿಲ್ಲವಾ, ನಿನಗ ಗೊತ್ತಿಲ್ಲೇನ?” ಎಂದ.

ಮದೀನಾಬಿ ನಿಂತಳು. ಕೈ ತಾನಾಗಿ ಪಕ್ಕೆಗೆ ಹೋಯಿತು.

“ಗೊತ್ತೈತಿ. ನಾ ಇಲ್ಲೇ ನಿಂತೀನಿ,” ಎಂದಳು. “ಅವನ ಹೊಟ್ಟ್ಯಾಗ ನಂದೊಂದು ಐತಲ್ಲ, ಅದು ಹೊಂಟೈತಿ. ಅದನ್ನ ನೀವ್ಯಾರೂ ತಡಿಯಾಕ ಆಗಂಗಿಲ್ಲ.”

ಹೊತ್ತವರು ಒಂದು ಗಳಿಗೆ ನಿಂತು, ಆಮೇಲೆ ನಡೆದರು. ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಅವಳು ನೋಡಿದಳು. ಆಗ ನಾನು ಗೋಡೆಗೆ ಮುಖ ಕೊಟ್ಟು ಅತ್ತೆ, ನನಗೆ ನಾಚಿಕೆಯೇನಿಲ್ಲ.

ಜುಲೇಖಾ ಬಂದು ಹಿಂದಿನಿಂದ ಅವಳನ್ನು ಅಪ್ಪಿಕೊಂಡಳು. “ಅಮ್ಮಾ, ನೀನೂ ಹೋಗಿಬಿಡತೀಯೇನೋ ಅಂತ ಅಂಜಿಕಿ ಆಗೇತಿ ನನಗ. ನಂದೂ ಈಗ ಮಾಫ್ ಮಾಡಿಬಿಡ.”

ಮದೀನಾಬಿ ಅವಳ ಕೈ ಹಿಡಿದು ಹೊಸ್ತಿಲ ಒಳಗೆ ಕಾಲಿಟ್ಟಳು.

“ನಿಂದು ಈಗ ಯಾಕ? ನಾ ಎಲ್ಲಿ ಹೊಂಟೀನಿ?” ಎಂದಳು. “ನಜಮಾ ಮುಂಜಾನಿಂದ ಏನೂ ಬಾಯಾಗ ಹಾಕಿಲ್ಲ. ಹೋಗ, ಚಾ ಇಡ.”